ಉತ್ತರ ನೋಡದೆ ಮಾಡಿದ ಲೆಕ್ಕ

1988ರ ಡಿಸೆಂಬರ್ ತಿಂಗಳ ಒಂದು ಶನಿವಾರ. ನಮ್ಮ ತಾಲ್ಲೂಕಿನ ಪ್ರೌಢಶಾಲೆಗಳ ವಿಜ್ಞಾನ ರಸಪ್ರಶ್ನೆ ಸ್ಪರ್ಧೆ ನಡೆದಿತ್ತು. ಪ್ರಶ್ನೆ ಕೇಳುವ ಹೊಣೆ ನನ್ನದಾಗಿತ್ತು. ಕೊನೆಯ ಸುತ್ತಿಗೆ ಬಂದಾಗ ಎರಡು ತಂಡಗಳು ಸಮಸಮವಾಗಿ ನಿಂತಿದ್ದವು. ನನ್ನ ಕೈಯಲ್ಲಿದ್ದ ಚೀಟಿಯಲ್ಲಿ 'ಹಬಲ್ ಸ್ಥಿರಾಂಕದ ಬೆಲೆ ಎಷ್ಟು?' ಎಂಬ ಪ್ರಶ್ನೆಯೂ ಅದರ ಕೆಳಗೆ '75' ಎಂಬ ಉತ್ತರವೂ ಇದ್ದವು. ಎಲ್ಲಿಂದಲೋ ನಾನೇ ನಕಲು ಮಾಡಿಕೊಂಡಿದ್ದ ಪ್ರಶ್ನೆ ಅದು. ಹಳ್ಳಿಯ ಶಾಲೆಯೊಂದರಿಂದ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗಿ ಎದ್ದು ನಿಂತು, "ಐವತ್ತರಿಂದ ನೂರರ ಒಳಗೆ ಸಾರ್. ವಿಜ್ಞಾನಿಗಳಲ್ಲೇ ಇನ್ನೂ ಒಮ್ಮತ ಇಲ್ಲ" ಎಂದಳು. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಮ್ಮ, ಹೀಗೆ ಬಲೆ ಬೀಸಬಾರದು" ಎಂದೆ. ಸಭೆ ನಕ್ಕಿತು. ಪ್ರಶ್ನೆ ಪಕ್ಕದ ತಂಡಕ್ಕೆ ಹೋಯಿತು. ಅವರು 75 ಎಂದರು. ಢಾಲು ಅವರ ಪಾಲಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿ ಒಂದು ನೋಟುಪುಸ್ತಕ ಹಿಡಿದುಕೊಂಡು ನನ್ನ ಬಳಿ ಬಂದಳು. ಯಾವುದೋ ವಿಜ್ಞಾನ ಮಾಸಿಕದಿಂದ ತಾನು ಬರೆದುಕೊಂಡಿದ್ದನ್ನು ತೋರಿಸಬೇಕೆಂಬುದು ಅವಳ ಇಚ್ಛೆ. ನಾನು ಬಸ್ಸಿನ ಹೊತ್ತಾಯಿತೆಂಬ ಅವಸರದಲ್ಲಿದ್ದೆ. "ಆಯಿತಮ್ಮ, ಮುಗಿದುಹೋಯಿತಲ್ಲ" ಎಂದು ಹೊರಟುಬಿಟ್ಟೆ. ಆ ಪುಟವನ್ನು ನಾನು ನೋಡಲಿಲ್ಲ. ಅವಳು ಹೇಳಿದ್ದೇ ಸರಿ, ನನ್ನ ಚೀಟಿಯೇ ತಪ್ಪು ಎಂದು ತಿಳಿಯಲು ನನಗೆ ಹಲವು ವರ್ಷಗಳು ಬೇಕಾದವು. ಅವಳನ್ನು ಮತ್ತೆ ಕಾಣುವ ಯೋಗ ಒದಗಲಿಲ್ಲ.

ಈ ಹಳೆಯ ಕತೆಯನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಅದೇ ಸ್ಥಿರಾಂಕದ ವಿಚಾರದಲ್ಲಿ ಖಗೋಳ ವಿಜ್ಞಾನಿಗಳು ಇಂದಿಗೂ ಒಂದು ಮಾತಿಗೆ ಬಂದಿಲ್ಲ. ಅವರು ಅದನ್ನು ಅಳೆಯುತ್ತಿರುವ ಬಗೆಯನ್ನು, ಅದರಲ್ಲೂ ಕ್ವೇಸಾರ್‌ಗಳ ಮೂಲಕ ಅಳೆಯುತ್ತಿರುವ ಬಗೆಯನ್ನು, ಓದುತ್ತ ಹೋದಂತೆ ನಾವು ಉಪಾಧ್ಯಾಯರು ಮಕ್ಕಳಿಗೆ ಕಲಿಸಿದ 'ಅಳತೆ' ಎಂಬುದು ನಿಜವಾದ ಅಳತೆಯೇ ಅಲ್ಲವೇನೋ ಎಂಬ ಶಂಕೆ ನನ್ನಲ್ಲಿ ಬಲವಾಗಿದೆ.

ಮೊದಲು ವಿಷಯವನ್ನು ಅರಿತುಕೊಳ್ಳೋಣ. ದೂರದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ. ಹೆಚ್ಚು ದೂರ ಇದ್ದಷ್ಟೂ ಹೆಚ್ಚು ವೇಗ. ಬೆಲ್ಜಿಯಮ್ಮಿನ ಲೆಮೈತ್ರ್ 1927ರಲ್ಲೂ ಅಮೆರಿಕದ ಎಡ್ವಿನ್ ಹಬಲ್ 1929ರಲ್ಲೂ ಈ ಸಂಬಂಧವನ್ನು ಮುಂದಿಟ್ಟರು. 32.6 ಲಕ್ಷ ಜ್ಯೋತಿರ್ವರ್ಷಗಳಿಗೆ ಒಂದು ಮೆಗಾಪಾರ್ಸೆಕ್ ಎಂದು ಹೆಸರು. ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸರಿಯುವ ವೇಗ ಸೆಕೆಂಡಿಗೆ ಎಷ್ಟು ಕಿಲೋಮೀಟರಿನಂತೆ ಏರುತ್ತದೆ ಎಂಬುದೇ ಹಬಲ್ ಸ್ಥಿರಾಂಕ. ಹಬಲ್ ಕೊಟ್ಟ ಬೆಲೆ ಸುಮಾರು 500. ಅದರಂತೆ ಲೆಕ್ಕ ಹಾಕಿದರೆ ವಿಶ್ವದ ವಯಸ್ಸು 200 ಕೋಟಿ ವರ್ಷಗಳಷ್ಟೇ ಆಗುತ್ತಿತ್ತು. ಭೂಮಿಯ ಬಂಡೆಗಳು ಅದಕ್ಕಿಂತ ಹಳೆಯವು! ಮಗಳು ತಾಯಿಗಿಂತ ಹಿರಿಯಳಾದಂತಾಯಿತು. 1952ರಲ್ಲಿ ವಾಲ್ಟರ್ ಬಾಡೆ ದೂರಗಳ ಲೆಕ್ಕದಲ್ಲಿ ನುಸುಳಿದ್ದ ದೋಷವನ್ನು ಹಿಡಿದರು. 1958ರಲ್ಲಿ ಅಲನ್ ಸ್ಯಾಂಡೇಜ್ ಸುಮಾರು 75 ಎಂದರು. ನನ್ನ ಚೀಟಿಯಲ್ಲಿದ್ದ ಸಂಖ್ಯೆಗೆ ಮೂಲ ಬಹುಶಃ ಅದೇ. ಆದರೆ ಮುಂದೆ ಅದೇ ಸ್ಯಾಂಡೇಜ್ ಸುಮಾರು 50ಕ್ಕೆ ಇಳಿದರು. ಜೆರಾರ್ಡ್ ಡಿ ವೊಕುಲೂರ್ ಸುಮಾರು 100 ಎಂದು ಪಟ್ಟು ಹಿಡಿದರು. 1988ರಲ್ಲಿ ಈ ವಾದ ಬಿಸಿಯಾಗಿಯೇ ಇತ್ತು. ಹುಡುಗಿ ಹೇಳಿದ್ದು ಇದನ್ನೇ.

ಇಷ್ಟು ಗೊಂದಲವೇಕೆ? ವೇಗವನ್ನು ಅರಿಯುವುದು ಸುಲಭ. ಬೆಳಕಿನ ರೋಹಿತದಲ್ಲಿ ಗೆರೆಗಳು ಕೆಂಪಿನ ಕಡೆಗೆ ಎಷ್ಟು ಜರುಗಿವೆ ಎಂದು ನೋಡಿದರಾಯಿತು. ಅದಕ್ಕೆ ಕೆಂಪು ಪಲ್ಲಟ ಎನ್ನುತ್ತಾರೆ. ಕಷ್ಟವಿರುವುದು ದೂರದಲ್ಲಿ. ಹತ್ತಿರದ ನಕ್ಷತ್ರಗಳ ದೂರವನ್ನು ಅಳೆದು, ಅದರ ಆಧಾರದ ಮೇಲೆ ಸೆಫೀಡ್ ಎಂಬ ಮಿಡಿಯುವ ತಾರೆಗಳನ್ನು ಅಳೆದು, ಅವುಗಳ ಆಧಾರದ ಮೇಲೆ ಸೂಪರ್‌ನೋವಾಗಳನ್ನು ಅಳೆಯಬೇಕು. ಏಣಿಯ ಕೆಳಗಿನ ಮೆಟ್ಟಿಲು ಅಲುಗಿದರೆ ಮೇಲಿನವೆಲ್ಲ ಅಲುಗುತ್ತವೆ. ಏಣಿಯೇ ಇಲ್ಲದೆ ಒಮ್ಮೆಲೇ ಸಾವಿರ ಮೆಗಾಪಾರ್ಸೆಕ್ ದೂರವನ್ನು ಅಳೆಯುವುದು ಸಾಧ್ಯವೆ? ಸಾಧ್ಯವೆಂದು ತೋರಿಸಿದ್ದು ಕ್ವೇಸಾರ್‌ಗಳು.

1962ರಲ್ಲಿ ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೋ ದೂರದರ್ಶಕದಿಂದ, ಚಂದ್ರನು 3ಸಿ 273 ಎಂಬ ರೇಡಿಯೋ ಆಕರವನ್ನು ಮರೆಮಾಡುವ ಕ್ಷಣವನ್ನು ಗುರುತಿಸಿ ಅದರ ಸ್ಥಾನವನ್ನು ನಿಖರವಾಗಿ ಕಂಡುಕೊಂಡರು. (1970ರಲ್ಲಿ ಸಿದ್ಧವಾದ ನಮ್ಮ ಊಟಿಯ ರೇಡಿಯೋ ದೂರದರ್ಶಕವೂ ಇದೇ ಚಂದ್ರಮರೆಯ ವಿಧಾನದಿಂದ ಅನೇಕ ಆಕರಗಳನ್ನು ಅಭ್ಯಸಿಸಿತು.) ಕನ್ಯಾರಾಶಿಯ ಆ ಸ್ಥಾನದಲ್ಲಿದ್ದದ್ದು ನೋಟಕ್ಕೆ ಒಂದು ಸಾಧಾರಣ ನಕ್ಷತ್ರ. 1963ರಲ್ಲಿ ಮಾರ್ಟೆನ್ ಶ್ಮಿಟ್ ಅದರ ರೋಹಿತವನ್ನು ಪರಿಶೀಲಿಸಿದಾಗ ಅರ್ಥವಾಗದ ಗೆರೆಗಳು ಕಂಡವು. ಕೊನೆಗೆ ಹೊಳೆಯಿತು: ಅವು ನಮಗೆಲ್ಲ ಪರಿಚಿತವಾದ ಹೈಡ್ರೋಜನ್ನಿನ ಗೆರೆಗಳೇ, ಆದರೆ ಶೇಕಡ 15.8ರಷ್ಟು ಹಿಗ್ಗಿಹೋಗಿದ್ದವು. ಅಂದರೆ ಅದು ನಮ್ಮ ಗೆಲಾಕ್ಸಿಯ ನಕ್ಷತ್ರವಲ್ಲ. 200 ಕೋಟಿ ಜ್ಯೋತಿರ್ವರ್ಷಗಳಿಗೂ ದೂರದ ವಸ್ತು. ದೂರದ ಗೆಲಾಕ್ಸಿಯ ನಡುವಿನ ಬೃಹತ್ ಕೃಷ್ಣರಂಧ್ರವೊಂದು ಸುತ್ತಲಿನ ಅನಿಲವನ್ನು ನುಂಗುವಾಗ, ಆ ಅನಿಲವು ಒಳಬೀಳುವ ಮುನ್ನ ಕಾದು ಉರಿಯುವ ಪ್ರಭೆಯೇ ಕ್ವೇಸಾರ್. ಅನಿಲದ ಹರಿವು ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಕ್ವೇಸಾರ್‌ನ ಬೆಳಕು ದಿನ ತಿಂಗಳುಗಳಲ್ಲಿ ಏರುತ್ತ ಇಳಿಯುತ್ತ ಇರುತ್ತದೆ. ಅಳತೆಗೆ ಬೇಕಾದ್ದು ಈ ಏರಿಳಿತವೇ.

1964ರಲ್ಲಿ ನಾರ್ವೆಯ ಷುರ್ ರೆಫ್ಸ್‌ದಾಲ್ ಒಂದು ಉಪಾಯವನ್ನು ಸೂಚಿಸಿದರು. ಸೂಪರ್‌ನೋವಾವನ್ನು ಕುರಿತು ಅವರು ಹೇಳಿದ ಮಾತು ಕ್ವೇಸಾರ್‌ಗೂ ಹೊಂದುತ್ತದೆ. ಅದನ್ನು ನಾನು ತರಗತಿಯಲ್ಲಿ ಹೇಳುವುದಾದರೆ ಹೀಗೆ ಹೇಳುತ್ತಿದ್ದೆ. ಒಂದೇ ಶಾಲೆಯಿಂದ ಇಬ್ಬರು ಹುಡುಗರು ಒಂದೇ ಸುದ್ದಿಯನ್ನು ಹೊತ್ತು ಒಂದೇ ಗಳಿಗೆಯಲ್ಲಿ ಹೊರಡುತ್ತಾರೆ. ನಡುವೆ ಒಂದು ಗುಡ್ಡ. ಒಬ್ಬನು ಗುಡ್ಡದ ಎಡಕ್ಕೂ ಇನ್ನೊಬ್ಬನು ಬಲಕ್ಕೂ ಬಳಸಿಕೊಂಡು ನಿಮ್ಮ ಮನೆಗೆ ಬರುತ್ತಾರೆ. ಅವರು ಯಾವ ದಿಕ್ಕುಗಳಿಂದ ಬಂದರು ಎಂಬುದರಿಂದ, ಒಂದು ದಾರಿ ಇನ್ನೊಂದಕ್ಕಿಂತ ಹತ್ತನೆಯ ಒಂದು ಪಾಲು ಉದ್ದ ಎಂದಷ್ಟೇ ನಿಮಗೆ ಗೊತ್ತಾಗುತ್ತದೆ. ದಾರಿ ಎಷ್ಟು ಮೈಲಿ ಎಂಬುದು ತಿಳಿಯದು. ಆದರೆ ಎರಡನೆಯವನು ಆರು ನಿಮಿಷ ತಡವಾಗಿ ಬಂದನೆನ್ನಿ. ಹತ್ತನೆಯ ಒಂದು ಪಾಲು ಆರು ನಿಮಿಷವಾದರೆ ಮೊದಲನೆಯ ದಾರಿ ಅರವತ್ತು ನಿಮಿಷದ್ದು. ನಡೆಯುವ ವೇಗ ಗೊತ್ತಿದ್ದರೆ ದೂರ ಸಿಕ್ಕಿತು! ಇಲ್ಲಿ ಶಾಲೆ ಎಂದರೆ ಕ್ವೇಸಾರ್; ಗುಡ್ಡ ಎಂದರೆ ನಡುವೆ ಇರುವ ಗೆಲಾಕ್ಸಿ. ಅದರ ಗುರುತ್ವವು ಬೆಳಕನ್ನು ಮಸೂರದಂತೆ ಬಾಗಿಸುವುದರಿಂದ ಒಂದೇ ಕ್ವೇಸಾರ್ ನಮಗೆ ಎರಡಾಗಿ, ಕೆಲವೊಮ್ಮೆ ನಾಲ್ಕಾಗಿ ಕಾಣುತ್ತದೆ. ಹುಡುಗರು ಹೊತ್ತ ಸುದ್ದಿ ಎಂದರೆ ಬೆಳಕಿನ ಏರಿಳಿತ. ಹೀಗೆ ದೊರೆತ ದೂರವನ್ನು, ಬೆಳಕು ದಾರಿಯಲ್ಲಿ ಎಷ್ಟು ಹಿಗ್ಗಿತು ಎಂಬುದರೊಡನೆ ಹೋಲಿಸಿದರೆ ವಿಶ್ವದ ವಿಸ್ತರಣೆಯ ವೇಗ ಹೊರಬೀಳುತ್ತದೆ.

ಒಂದು ತೊಡಕೂ ಇದೆ. ಗುಡ್ಡದ ಬದಿಯಲ್ಲಿ ಸಂತೆ ನೆರೆದಿದ್ದರೆ, ಸಂದಣಿಯೊಳಗೆ ನುಸುಳಿ ಬಂದವನು ದಾರಿಯ ಉದ್ದಕ್ಕಿಂತಲೂ ಹೆಚ್ಚು ತಡವಾಗುತ್ತಾನೆ. ಗುರುತ್ವ ಹೆಚ್ಚಿದ್ದ ಕಡೆ ಬೆಳಕು ಸಹ ಹೀಗೆಯೇ ತಡವಾಗುತ್ತದೆ. ಆದ್ದರಿಂದ ನಡುವಿನ ಗೆಲಾಕ್ಸಿಯಲ್ಲಿ ದ್ರವ್ಯ ಹೇಗೆ ಹರಡಿದೆ ಎಂಬುದನ್ನೂ ಅರಿತಿರಬೇಕು. ಈ ಸಂತೆಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇಂಥ ಅವಳಿ ಬಿಂಬ ಮೊದಲು ಸಿಕ್ಕಿದ್ದು 1979ರಲ್ಲಿ. ಸಪ್ತರ್ಷಿಮಂಡಲದ ದಿಕ್ಕಿನಲ್ಲಿರುವ ಆ ಕ್ವೇಸಾರ್‌ನ ಬೆಳಕು ಹೊರಟು ಸುಮಾರು 900 ಕೋಟಿ ವರ್ಷಗಳಾಗಿವೆ. ಎರಡು ಬಿಂಬಗಳ ನಡುವಿನ ತಡ ಎಷ್ಟು? ಕೆಲವರು ಸುಮಾರು 415 ದಿನಗಳೆಂದರು. ಕೆಲವರು 540ರ ಆಸುಪಾಸು ಎಂದರು. ವರ್ಷಗಟ್ಟಲೆ ಜಗ್ಗಾಟವಾಯಿತು. 1994ರ ಡಿಸೆಂಬರಿನಲ್ಲಿ ಮೊದಲ ಬಿಂಬದ ಬೆಳಕು ಥಟ್ಟನೆ ಇಳಿಯಿತು. ಆಗ ಒಂದು ತಂಡ ಮುಂದಾಗಿಯೇ ಬರೆದು ಪ್ರಕಟಿಸಿತು: 415 ಸರಿಯಾದರೆ ಎರಡನೆಯ ಬಿಂಬವು 1996ರ ಫೆಬ್ರವರಿಯಲ್ಲಿ ಇದೇ ರೀತಿ ಇಳಿಯಬೇಕು; 540 ಸರಿಯಾದರೆ ಜೂನ್‌ವರೆಗೆ ಕಾಯಬೇಕು. ಫೆಬ್ರವರಿಯಲ್ಲಿ ಅದು ಇಳಿಯಿತು. 417 ದಿನ, ಮೂರು ದಿನ ಹೆಚ್ಚು ಅಥವಾ ಕಡಿಮೆ. 900 ಕೋಟಿ ವರ್ಷಗಳ ಪಯಣದಲ್ಲಿ ವರ್ಷವೂ ಒಂದಷ್ಟು ದಿನಗಳೂ ವ್ಯತ್ಯಾಸ! ಅದರಿಂದ ಬಂದ ಹಬಲ್ ಸ್ಥಿರಾಂಕ 64, ಹೆಚ್ಚು-ಕಡಿಮೆ 13.

ಈ ಕೆಲಸದಲ್ಲಿ ನಮ್ಮವರ ಪಾಲೂ ಇದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸುವ ಕೇಂದ್ರ ಹೊಸಕೋಟೆಯಲ್ಲಿದೆ. 2005ರಿಂದ 2011ರವರೆಗೆ ಆರು ವರ್ಷಗಳಿಗೂ ಮೀರಿ ಈ ದೂರದರ್ಶಕವೂ ಹೊರದೇಶದ ಇನ್ನೆರಡು ದೂರದರ್ಶಕಗಳೂ ಒಂದು ಅವಳಿ ಕ್ವೇಸಾರ್‌ನ್ನು ಕಾದು ನೋಡಿದವು. ತಡ 119.3 ದಿನ, ಹೆಚ್ಚು-ಕಡಿಮೆ 3.3 ಎಂದು 2013ರಲ್ಲಿ ಪ್ರಕಟವಾಯಿತು. ಒಂದು ಸಂಖ್ಯೆಗಾಗಿ ಆರು ವರ್ಷ! ನಾನು ಚೀಟಿಯಲ್ಲಿ 75 ಎಂದು ಬರೆದುಕೊಳ್ಳಲು ಆರು ಸೆಕೆಂಡೂ ಹಿಡಿದಿರಲಾರದು.

ಈಗ ನನ್ನ ಮನಸ್ಸನ್ನು ಬಹುವಾಗಿ ತಟ್ಟಿದ ಸಂಗತಿಗೆ ಬರುತ್ತೇನೆ. ಶೆರಿ ಸುಯು ಅವರ ನೇತೃತ್ವದ ಅಂತರರಾಷ್ಟ್ರೀಯ ತಂಡವೊಂದು ಇಂಥ ಆರು ಕ್ವೇಸಾರ್‌ಗಳಿಂದ ಹಬಲ್ ಸ್ಥಿರಾಂಕವನ್ನು ಲೆಕ್ಕ ಹಾಕಿತು. ಆರರಲ್ಲಿ ಐದನ್ನು ಅವರು 'ಕುರುಡು ವಿಶ್ಲೇಷಣೆ'ಯ ಕ್ರಮದಲ್ಲಿ ಮಾಡಿದರು. ಅಂದರೆ, ಲೆಕ್ಕ ನಡೆಯುತ್ತಿರುವಾಗ ಅಂತಿಮ ಸಂಖ್ಯೆ ತಮ್ಮ ಕಣ್ಣಿಗೇ ಬೀಳದಂತೆ ಮರೆಮಾಡಿದರು. ಎಲ್ಲ ತಪಾಸಣೆಗಳೂ ಮುಗಿದ ಮೇಲೆ, ಇನ್ನು ಯಾವುದನ್ನೂ ಬದಲಿಸುವುದಿಲ್ಲವೆಂದು ಒಪ್ಪಿಕೊಂಡು, ತೆರೆಯನ್ನು ಸರಿಸಿದರು. ಏನು ಬಂತೋ ಅದನ್ನೇ ಪ್ರಕಟಿಸಿದರು. 2020ರಲ್ಲಿ ಅಚ್ಚಾದ ಫಲಿತಾಂಶ 73.3, ಹೆಚ್ಚು-ಕಡಿಮೆ 1.8ರ ಒಳಗೆ. ಬೇರೆಯವರ ಉತ್ತರ ಗೊತ್ತಿದ್ದರೆ ನಮಗರಿವಿಲ್ಲದಂತೆಯೇ ನಮ್ಮ ಲೆಕ್ಕ ಅತ್ತ ವಾಲುತ್ತದೆ ಎಂಬ ಆತ್ಮಶಂಕೆ ಈ ಕ್ರಮದ ಬುಡದಲ್ಲಿದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಪ್ರಯೋಗಾಲಯದ ಪೀನ ಮಸೂರಗಳ ಪೆಟ್ಟಿಗೆ. ಒಂದೊಂದು ಮಸೂರದ ಕಾಗದದ ಚೀಲದ ಮೇಲೂ '10 ಸೆಂ.ಮೀ.' ಎಂದು ಬರೆದಿತ್ತು. ಮಕ್ಕಳು ಕಿಟಕಿಯಾಚೆಯ ತೆಂಗಿನ ಮರದ ಬಿಂಬವನ್ನು ಕಾಗದದ ಮೇಲೆ ಮೂಡಿಸಿ ಸಂಗಮದೂರವನ್ನು ಅಳೆಯಬೇಕು. ವರ್ಷವರ್ಷವೂ ಎಲ್ಲರ ದಾಖಲೆ ಪುಸ್ತಕದಲ್ಲಿಯೂ 10.0, 9.9, 10.1. ನಾನು ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತ ಬಂದೆ. ಒಮ್ಮೆ ರಜೆಯಲ್ಲಿ ಪೆಟ್ಟಿಗೆ ಒರೆಸುತ್ತ ಸುಮ್ಮನೆ ಒಂದು ಮಸೂರವನ್ನು ಹಿಡಿದು ನೋಡಿದೆ. ಬಿಂಬ ಮೂಡಿದ್ದು 15 ಸೆಂಟಿಮೀಟರಿನಲ್ಲಿ! ಯಾವ ಕಾಲದಲ್ಲೋ ಚೀಲ ಅದಲುಬದಲಾಗಿತ್ತು. ಎಷ್ಟೋ ಮಕ್ಕಳು 15ನ್ನು ಕಂಡೂ 10 ಎಂದು ಬರೆದಿದ್ದರು. ತಮ್ಮ ಕಣ್ಣಿಗಿಂತ ಚೀಲವನ್ನು ನಂಬಬೇಕೆಂದು ಅವರಿಗೆ ಕಲಿಸಿದವನು ಬೇರೆ ಯಾರೂ ಅಲ್ಲ, ನಾನೇ.

ಕ್ವೇಸಾರ್ ಕತೆ 73.3ಕ್ಕೆ ಮುಗಿಯಲಿಲ್ಲ. ಸೆಫೀಡ್ ಮತ್ತು ಸೂಪರ್‌ನೋವಾಗಳ ಏಣಿಯಿಂದ ಆಡಮ್ ರೀಸ್ ಅವರ ತಂಡ 2022ರಲ್ಲಿ ಕೊಟ್ಟ ಬೆಲೆ 73.04, ಹೆಚ್ಚು-ಕಡಿಮೆ 1.04. ಪ್ಲಾಂಕ್ ಉಪಗ್ರಹವು ವಿಶ್ವದ ಶೈಶವದ ಬೆಳಕನ್ನು ಅಳೆದು, ಸರ್ವಸಮ್ಮತ ಮಾದರಿಯೊಂದನ್ನು ಅನ್ವಯಿಸಿದಾಗ 2018ರಲ್ಲಿ ಬಂದದ್ದು 67.4, ಹೆಚ್ಚು-ಕಡಿಮೆ 0.5. ಇವೆರಡೂ ಸೇರುವುದಿಲ್ಲ. ಎರಡೂ ಸರಿಯಾದರೆ ವಿಶ್ವದ ಬಗ್ಗೆ ನಮಗೆ ತಿಳಿಯದ ಯಾವುದೋ ಹೊಸ ಭೌತನಿಯಮ ಇರಬೇಕು. ಕ್ವೇಸಾರ್ ತಂಡಕ್ಕೆ ಇದು ಹೆಮ್ಮೆಯ ಗಳಿಗೆ. ಏಣಿಯವರ ಪಕ್ಕದಲ್ಲಿ ನಿಂತು ಗೆದ್ದೆವೆನ್ನಬಹುದಿತ್ತು. ಆದರೆ ಅದೇ 2020ರಲ್ಲಿ, ಆ ತಂಡದವರನ್ನೇ ಬಹುಮಟ್ಟಿಗೆ ಒಳಗೊಂಡ ಬಳಗ ತಮ್ಮದೇ ಆಧಾರವನ್ನು ಪ್ರಶ್ನಿಸಿಕೊಂಡಿತು. ನಾನು ಮೇಲೆ ಹೇಳಿದ ಸಂತೆಯ ವಿಚಾರ. ನಡುವಿನ ಗೆಲಾಕ್ಸಿಯಲ್ಲಿ ದ್ರವ್ಯದ ಹರವು ಇಂಥದ್ದೇ ಎಂದು ನಾವು ಊಹಿಸಿಕೊಂಡಿದ್ದೆವಲ್ಲ, ಆ ಊಹೆಯನ್ನು ಸಡಿಲಿಸಿದರೆ ಏನಾಗುತ್ತದೆ? ಬಂದ ಉತ್ತರ 74.5, ಆದರೆ ಹೆಚ್ಚು-ಕಡಿಮೆ ಈಗ ಸುಮಾರು 6! ಬೇರೆ ಮಸೂರ ಗೆಲಾಕ್ಸಿಗಳ ಮಾಹಿತಿಯನ್ನೂ ಸೇರಿಸಿದರೆ 67.4, ಹೆಚ್ಚು-ಕಡಿಮೆ ಸುಮಾರು 4. ತಾವೇ ಕಷ್ಟಪಟ್ಟು ಕಿರಿದುಗೊಳಿಸಿದ್ದ ಅನಿಶ್ಚಿತತೆಯನ್ನು ತಾವೇ ಹಿಗ್ಗಿಸಿ, ಅದನ್ನೂ ಅಚ್ಚು ಹಾಕಿಸಿದರು. ಮತ್ತೆ ಕೆಲಸಕ್ಕಿಳಿದು, ಗೆಲಾಕ್ಸಿಗಳೊಳಗಿನ ನಕ್ಷತ್ರಗಳ ಚಲನೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಅಳೆದು, 2025ರಲ್ಲಿ ಎಂಟು ಕ್ವೇಸಾರ್‌ಗಳಿಂದ ಸುಮಾರು 72, ಹೆಚ್ಚು-ಕಡಿಮೆ ಸುಮಾರು 4 ಎಂದಿದ್ದಾರೆ. ಅದು ಎರಡು ಪಕ್ಷಗಳ ನಡುವಣ ವ್ಯಾಜ್ಯವನ್ನು ತೀರ್ಮಾನಿಸಲಾರದು. ತೀರ್ಮಾನಿಸಿತೆಂದು ಅವರು ಹೇಳಿಕೊಳ್ಳುವುದೂ ಇಲ್ಲ.

ಆ 'ಹೆಚ್ಚು-ಕಡಿಮೆ' ಎಂಬ ಪುಟ್ಟ ಚಿಹ್ನೆಯನ್ನು ನಾವು ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಬೇಕು ಎಂಬುದು ನನ್ನ ಅಭಿಮತ. ಇದನ್ನು ನಿವೃತ್ತ ಮಿತ್ರರೊಬ್ಬರ ಮುಂದೆ ಹೇಳಿದಾಗ ಅವರು ಎರಡು ಆಕ್ಷೇಪಗಳನ್ನು ಎತ್ತಿದರು. ಒಂದು, ಲಕ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದುವಾಗ ಒಂದೇ ಉತ್ತರವಿಲ್ಲದಿದ್ದರೆ ನ್ಯಾಯ ಹೇಗೆ? ಎರಡು, 'ವಿಜ್ಞಾನಿಗಳಿಗೇ ಸರಿಯಾಗಿ ಗೊತ್ತಿಲ್ಲ' ಎಂದು ಮಕ್ಕಳಿಗೆ ಹೇಳಿಕೊಟ್ಟರೆ, ಗಾಳಿಮಾತು ಮಾರುವವರೆಲ್ಲ ಅದನ್ನೇ ಹಿಡಿದುಕೊಳ್ಳುವುದಿಲ್ಲವೆ?

ಎರಡನೆಯದು ಭಾರವಾದ ಆಕ್ಷೇಪ. ಆದರೆ ಗಮನಿಸಿ: 67 ಎನ್ನುವವರೂ 73 ಎನ್ನುವವರೂ ವಿಶ್ವ ಹಿಗ್ಗುತ್ತಿದೆ ಎಂಬುದರಲ್ಲಿ ಒಂದಾಗಿದ್ದಾರೆ. ಯಾರೂ 500ಕ್ಕೆ ಮರಳಿಲ್ಲ. ಯಾರೂ ಸೊನ್ನೆ ಎನ್ನುವುದಿಲ್ಲ. ನನ್ನ ವಿದ್ಯಾರ್ಥಿನಿ ಇದ್ದ ಕಾಲದ 50ರ ಅಂತರ ಇಂದು ಆರಕ್ಕೆ ಇಳಿದಿದೆ. ಇಷ್ಟು ಗೊತ್ತು, ಇಷ್ಟರಿಂದಾಚೆ ಗೊತ್ತಿಲ್ಲ ಎಂದು ಗಡಿ ಗುರುತಿಸಿ ಹೇಳುವವನಿಗೂ 'ಯಾರಿಗೆ ಗೊತ್ತು, ಏನು ಬೇಕಾದರೂ ಇರಬಹುದು' ಎನ್ನುವವನಿಗೂ ಇರುವ ವ್ಯತ್ಯಾಸವನ್ನು ಶಾಲೆಯಲ್ಲಿ ಕಲಿಯದ ಮಗು ಮುಂದೆ ಎಲ್ಲಿ ಕಲಿತೀತು? ಗಾಳಿಮಾತು ಮಾರುವವನು ಎಂದಿಗೂ ತನ್ನ ಮಾತಿಗೆ ಹೆಚ್ಚು-ಕಡಿಮೆ ಸೇರಿಸುವುದಿಲ್ಲ. ಅವನನ್ನು ಗುರುತಿಸಲು ಅದೇ ಒಳ್ಳೆಯ ಲಕ್ಷಣ.

ಮೊದಲನೆಯ ಆಕ್ಷೇಪವನ್ನು ಬಹುಪಾಲು ಒಪ್ಪುತ್ತೇನೆ. ದೊಡ್ಡ ಪರೀಕ್ಷೆಗಳನ್ನು ಒಂದೇ ದಿನದಲ್ಲಿ ತಿದ್ದಲಾಗದು. ನಾನು ಕೇಳುವುದು ಬಹಳ ಸಣ್ಣ ಸಂಗತಿ. ಪ್ರಯೋಗಾಲಯದ ಮಸೂರಗಳ ಚೀಲದಿಂದ ಸಂಖ್ಯೆಯನ್ನು ಕಿತ್ತುಹಾಕಿ. ಮೊದಲು ಕಂಡ ಅಳತೆಯನ್ನು ಅಳಿಸದೆ ಶಾಯಿಯಲ್ಲಿ ಬರೆಯಲು ಮಕ್ಕಳಿಗೆ ಹೇಳಿ. ಐದು ಬಾರಿ ಅಳೆದು, ಐದೂ ಸಂಖ್ಯೆಗಳು ಎಷ್ಟು ಹರಡಿವೆ ಎಂದು ಬರೆದವನಿಗೆ ಒಂದು ಅಂಕ ಹೆಚ್ಚು ಕೊಡಿ. 'ಸರಿಯುತ್ತರ' ಬರೆದವನಿಗಿಂತ ಹೆಚ್ಚು. ನನ್ನ ಸೇವೆಯ ಕೊನೆಯ ಎರಡು ವರ್ಷ ನಾನಿದನ್ನು ಮಾಡಿ ನೋಡಿದೆ. ಮೊದಲ ದಿನ ಮಕ್ಕಳು ಹೆದರಿದರು. "ಸಾರ್, ಎಷ್ಟು ಬರಬೇಕು?" ಎಂದು ಸುತ್ತ ನೆರೆದರು. "ನನಗೂ ಗೊತ್ತಿಲ್ಲ, ನೀವೇ ಹೇಳಿ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯ ಬಳಿ ಜಗಳ ಕೇಳಿಸಿತು. ನಿನ್ನದು ತಪ್ಪು, ನನ್ನದು ಸರಿ, ಇನ್ನೊಮ್ಮೆ ಅಳೆ ಎಂದು. ಅಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅಳತೆಯ ಬಗ್ಗೆ ಜಗಳ ನಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚಿಲಿ ದೇಶದ ಬೆಟ್ಟವೊಂದರ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಹೊರತಂದಿತು. ಹತ್ತು ವರ್ಷಗಳ ಕಾಲ ದಕ್ಷಿಣದ ಆಕಾಶವನ್ನು ಮತ್ತೆ ಮತ್ತೆ ಚಿತ್ರಿಸುವುದು ಅದರ ಉದ್ದೇಶ. ಹೊಸ ಅವಳಿ ಕ್ವೇಸಾರ್‌ಗಳು ಅಲ್ಲಿ ಬಹಳಷ್ಟು ಸಿಕ್ಕಾವೆಂಬ ನಿರೀಕ್ಷೆಯಿದೆ. ಆಗಲಾದರೂ ಒಂದೇ ಸಂಖ್ಯೆ ಗಟ್ಟಿಯಾದೀತೋ, ಹೊಸ ಭೌತನಿಯಮವೇ ಹೊರಬಿದ್ದೀತೋ ನೋಡಬೇಕು. ನನ್ನ ವಯಸ್ಸಿನ ದೃಷ್ಟಿಯಿಂದ ಅದನ್ನು ನೋಡುವ ಸಂಭವ ಹೆಚ್ಚು-ಕಡಿಮೆ ಐವತ್ತು.

ಆ ಹುಡುಗಿ ಈಗ ಐವತ್ತು ದಾಟಿರುವ ಗೃಹಸ್ಥೆ. ಎಲ್ಲಿದ್ದಾಳೋ, ಏನು ಮಾಡುತ್ತಿದ್ದಾಳೋ ತಿಳಿಯದು. ಎಂದಾದರೂ ಈ ಬರಹ ಅವಳ ಕಣ್ಣಿಗೆ ಬಿದ್ದರೆ ಹೇಳಬೇಕಾದ್ದು ಇಷ್ಟೆ: ತಾಯಿ, ಅಂದಿನ ನಿನ್ನ ಉತ್ತರ ಸರಿಯಾಗಿತ್ತು. ಆ ಒಂದು ಅಂಕ ನಿನಗೆ ಸಲ್ಲಬೇಕಾದದ್ದು. ನೋಟುಪುಸ್ತಕದ ಆ ಪುಟ ಇನ್ನೂ ಉಳಿದಿದ್ದರೆ, ಈಗ ನೋಡಲು ನನಗೆ ಬೇಕಾದಷ್ಟು ಹೊತ್ತಿದೆ.